ನೌಕರಿ ಬಿಟ್ಟರೆ ಮಾತ್ರ ನಟರಾಗಬಹುದೇ? ಫಾರ್ವರ್ಡ್‌ ಹೇಳದೆ ಬಿಟ್ಟ ವರ್ಷಗಳು

ಈ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಒಂದು ಕಡೆ ಬಸ್‌ ಕಂಡಕ್ಟರ್‌ ಫೋಟೊ, ಇನ್ನೊಂದು ಕಡೆ ಸೂಪರ್‌ಸ್ಟಾರ್‌ ಫೋಟೊ. ಕೆಳಗೆ ನಾಲ್ಕು ಸಾಲು: ಇವರು ಧೈರ್ಯ ಮಾಡಿ ನೌಕರಿ ಬಿಟ್ಟರು, ಗೆದ್ದರು. ನೀವೂ ಬಿಡಿ, ಕನಸಿನ ಬೆನ್ನು ಹತ್ತಿ. ಓದಿದರೆ ಮೈ ಜುಮ್ಮೆನ್ನುತ್ತದೆ. ಹಿಂದೆಮುಂದೆ ನೋಡದೆ ನಾಲ್ಕು ಗುಂಪುಗಳಿಗೆ ಕಳಿಸಿಬಿಡುತ್ತೇವೆ.

ಇದನ್ನೇ ಗದಗ ಜಿಲ್ಲೆ ರೋಣ ತಾಲ್ಲೂಕಿನ ಮೆಣಸಗಿಯಂಥ ಊರಲ್ಲಿ ಕುಳಿತ ಹುಡುಗನೊಬ್ಬ ಓದುತ್ತಾನೆ ಎಂದುಕೊಳ್ಳಿ. ಹಗಲು ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ದುಡಿಯುತ್ತಾನೆ. ಜಾತ್ರೆಯ ನಾಟಕದಲ್ಲಿ ಬಣ್ಣ ಹಚ್ಚಿ ಊರವರಿಂದ ಸೈ ಎನ್ನಿಸಿಕೊಂಡಿದ್ದಾನೆ. ಮನೆ ನಡೆಯುವುದು ಅವನ ಪಗಾರದ ಮೇಲೆ. ಸಂದೇಶ ನಂಬಿ ಅವನು ನಾಳೆ ಕೆಲಸ ಬಿಟ್ಟು ಬೆಂಗಳೂರಿನ ಬಸ್‌ ಹತ್ತಿದರೆ? ಸಂದೇಶ ಬರೆದವನಿಗೆ ಏನೂ ಆಗುವುದಿಲ್ಲ. ಆಗುವುದೆಲ್ಲ ಆ ಮನೆಗೆ. ಹಾಗಾಗಿ ಈ ಮಾತಿನಲ್ಲಿ ನಿಜವೆಷ್ಟು ಎಂದು ನೋಡೋಣ.

ಕಂಡಕ್ಟರ್‌ ಕಥೆಯಲ್ಲಿ ನಿಜವೆಷ್ಟು?

ರಜನಿಕಾಂತ್‌ ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್‌ ಆಗಿದ್ದದ್ದು ನಿಜ. ಆದರೆ ಟಿಕೆಟ್‌ ಹರಿಯುತ್ತಿದ್ದ ದಿನಗಳಲ್ಲೇ ಅವರು ಕನ್ನಡ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದರು. 1973ರಲ್ಲಿ ಮದ್ರಾಸಿನ ಫಿಲ್ಮ್‌ ಇನ್‌ಸ್ಟಿಟ್ಯೂಟಿಗೆ ಸೇರಿ ನಟನೆ ಕಲಿತರು. ಆ ದಿನಗಳಲ್ಲಿ ಬಸ್ಸಿನ ಗೆಳೆಯನೊಬ್ಬ ಖರ್ಚಿಗೆ ನೆರವಾದ. ಮೊದಲ ಸಿನಿಮಾ ‘ಅಪೂರ್ವ ರಾಗಂಗಳ್‌’ ಬಂದದ್ದು 1975ರಲ್ಲಿ, ಅದರಲ್ಲಿ ಅವರದ್ದು ಸಣ್ಣ ಪಾತ್ರ. ಮರುವರ್ಷ ಪುಟ್ಟಣ್ಣ ಕಣಗಾಲರ ‘ಕಥಾ ಸಂಗಮ’ದಲ್ಲೂ ಅಷ್ಟೆ. ನಾಯಕನ ಪಾತ್ರಗಳು ನೆಲೆಯಾದದ್ದು 1978ರ ಹೊತ್ತಿಗೆ.

ಅಂದರೆ ಮೊದಲು ನೌಕರಿಯ ಜೊತೆ ರಂಗಭೂಮಿ, ಆಮೇಲೆ ತರಬೇತಿ, ಆಮೇಲೆ ಸಣ್ಣ ಪಾತ್ರಗಳು. ಫಾರ್ವರ್ಡ್‌ ಇದನ್ನೆಲ್ಲ ಕತ್ತರಿಸಿ ಎರಡು ಫೋಟೊ ಮಾತ್ರ ಉಳಿಸಿಕೊಂಡಿದೆ. ಅವರು ಕೆಲಸ ಬಿಟ್ಟದ್ದು ಸುಳ್ಳಲ್ಲ. ಬಿಡುವ ಮೊದಲು ಏನು ಮಾಡಿದ್ದರು ಎಂಬುದನ್ನು ಮಾತ್ರ ಸಂದೇಶ ಹೇಳುವುದಿಲ್ಲ.

ಗದಗ ಸೀಮೆಯ ಹಳೆಯ ದಾರಿ

ಹಗಲು ನೌಕರಿ, ಸಂಜೆ ನಾಟಕ ಎಂಬುದು ನಮ್ಮ ಕಡೆ ಹೊಸದಲ್ಲ. 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದ ಶಾಂತಕವಿ, ಅಂದರೆ ಸಕ್ಕರಿ ಬಾಳಾಚಾರ್ಯರು, ಶಾಲಾ ಮಾಸ್ತರರು. ಏಕೀಕರಣದ ಹಾಡು ಬರೆದ ಹುಯಿಲಗೋಳ ನಾರಾಯಣರಾಯರು ಗದಗಿನಲ್ಲಿ ವಕೀಲಿ ಮಾಡುತ್ತಲೇ ಹವ್ಯಾಸಿ ತಂಡಗಳಿಗೆ ನಾಟಕ ಬರೆದುಕೊಟ್ಟವರು. ಇವರಿಬ್ಬರೂ ಮುಖ್ಯವಾಗಿ ನಾಟಕ ಬರೆದವರು, ಕಟ್ಟಿದವರು. ಆದರೆ ಕಲೆಗೆ ಕೂಳಿನ ಹೊಣೆ ಹೊರಿಸದೆ ಹೇಗೆ ದುಡಿಯಬಹುದು ಎಂದು ತೋರಿಸಿಕೊಟ್ಟರು.

ನಟರಲ್ಲೂ ಇಂಥವರಿದ್ದಾರೆ. ಗಿರೀಶ ಕಾರ್ನಾಡರು 1963ರಿಂದ 1970ರವರೆಗೆ ಮದ್ರಾಸಿನ ಆಕ್ಸ್‌ಫರ್ಡ್‌ ಯೂನಿವರ್ಸಿಟಿ ಪ್ರೆಸ್‌ನಲ್ಲಿ ನೌಕರಿಯಲ್ಲಿದ್ದರು. ಬಿಡುವಿನಲ್ಲಿ ಮದ್ರಾಸ್‌ ಪ್ಲೇಯರ್ಸ್‌ ಎಂಬ ಹವ್ಯಾಸಿ ತಂಡದ ಜೊತೆ ನಾಟಕ. ‘ತುಘಲಕ್‌’ ಬರೆದದ್ದು ಆ ವರ್ಷಗಳಲ್ಲೇ. ‘ಸಂಸ್ಕಾರ’ ಸಿನಿಮಾದ ಪ್ರಾಣೇಶಾಚಾರ್ಯರಾಗಿ ಜನ ಅವರನ್ನು ನೋಡಿದ್ದು 1970ರಲ್ಲಿ.

ಇನ್ನು ನಮ್ಮೆಲ್ಲರ ದತ್ತಣ್ಣ. ಚಿತ್ರದುರ್ಗದ ಎಚ್‌.ಜಿ. ದತ್ತಾತ್ರೇಯ ಅವರು ಭಾರತೀಯ ವಾಯುಪಡೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಅಧಿಕಾರಿಯಾಗಿದ್ದರು, ನಂತರ ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದರು. ಸಿನಿಮಾಕ್ಕೆ ಬಂದಾಗ ವಯಸ್ಸು 40 ದಾಟಿತ್ತು. ‘ಮುನ್ನುಡಿ’ ಚಿತ್ರಕ್ಕೆ ಪೋಷಕ ನಟನ ರಾಷ್ಟ್ರಪ್ರಶಸ್ತಿ ಬಂದಾಗ 60ರ ಹತ್ತಿರ. ‘25 ದಾಟಿದರೆ ಮುಗಿಯಿತು’ ಎನ್ನುವ ಸಂದೇಶ ಬಂದರೆ ದತ್ತಣ್ಣನವರನ್ನು ನೆನಪಿಸಿಕೊಳ್ಳಿ.

ಸೋತವರ ಫಾರ್ವರ್ಡ್‌ ಯಾಕೆ ಬರುವುದಿಲ್ಲ?

ಎರಡನೇ ಮಹಾಯುದ್ಧದ ಕಾಲದ ಒಂದು ವಿಚಾರ ಇಲ್ಲಿ ನೆರವಿಗೆ ಬರುತ್ತದೆ. ದಾಳಿಗೆ ಹೋಗಿ ಮರಳಿದ ವಿಮಾನಗಳ ಮೈಮೇಲೆ ಎಲ್ಲೆಲ್ಲಿ ಗುಂಡಿನ ತೂತು ಇದೆ ಎಂದು ಅಮೆರಿಕದ ಸೇನೆ ಲೆಕ್ಕ ಹಾಕುತ್ತಿತ್ತು. ತೂತು ಹೆಚ್ಚಿದ್ದ ಕಡೆ ಕವಚ ಹಾಕುವುದು ಸರಿ ಎಂದು ಯಾರಿಗಾದರೂ ತೋರುತ್ತದೆ. ಗಣಿತಜ್ಞ ಅಬ್ರಹಾಂ ವಾಲ್ಡ್‌ ಅವರ ಲೆಕ್ಕಾಚಾರ ತೋರಿಸಿದ್ದು ಬೇರೆ. ಇವು ಮರಳಿ ಬಂದ ವಿಮಾನಗಳು. ಎಂಜಿನ್ನಿಗೆ ಪೆಟ್ಟು ಬಿದ್ದವು ಮರಳಲೇ ಇಲ್ಲ. ಹಾಗಾಗಿ ತೂತು ಕಾಣದ ಜಾಗವೇ ನಿಜವಾದ ಅಪಾಯದ ಜಾಗ.

ನಮ್ಮ ಫೋನಿಗೆ ಬರುವ ಯಶೋಗಾಥೆಗಳೂ ಮರಳಿ ಬಂದ ವಿಮಾನಗಳೇ. ಅದೇ ಧೈರ್ಯ ಮಾಡಿ, ಅದೇ ರೀತಿ ಕೆಲಸ ಬಿಟ್ಟು, ಎರಡು ವರ್ಷ ಬಾಡಿಗೆ ಕಟ್ಟಲಾರದೆ ಊರಿಗೆ ಮರಳಿದವರ ಫೋಟೊ ಯಾರೂ ಹಂಚುವುದಿಲ್ಲ. ಗೆದ್ದವರು ಮಾತ್ರ ಕಣ್ಣಿಗೆ ಬೀಳುವುದರಿಂದ, ಬಿಟ್ಟರೆ ಗೆಲುವು ಖಚಿತ ಎಂಬ ಭ್ರಮೆ ಹುಟ್ಟುತ್ತದೆ.

ಇದಕ್ಕೆ ಹತ್ತಿರದ ಅಧ್ಯಯನವೂ ಒಂದಿದೆ. ಅಮೆರಿಕದಲ್ಲಿ ಸ್ವಂತ ಉದ್ದಿಮೆ ಶುರು ಮಾಡಿದವರ ಬಗ್ಗೆ ರಾಫಿ ಮತ್ತು ಫೆಂಗ್‌ ಎಂಬ ಸಂಶೋಧಕರು 2014ರಲ್ಲಿ ಪ್ರಕಟಿಸಿದ್ದು. ನೌಕರಿ ಇಟ್ಟುಕೊಂಡೇ ಶುರು ಮಾಡಿ ಆಮೇಲೆ ಪೂರ್ತಿ ಇಳಿದವರು ಸೋತು ಕೈಬಿಡುವ ಸಾಧ್ಯತೆ, ಒಮ್ಮೆಗೇ ನೌಕರಿ ಬಿಟ್ಟವರಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಇತ್ತು. ಇದು ವ್ಯಾಪಾರದ ಲೆಕ್ಕ, ನಟನೆಯದಲ್ಲ. ಆದರೂ ‘ಹಿಂದಿನ ದಾರಿ ಮುಚ್ಚಿಕೊಂಡವನೇ ಗೆಲ್ಲುತ್ತಾನೆ’ ಎಂಬ ಮಾತಿಗೆ ಇದು ಉಲ್ಟಾ ಇದೆ.

10,000 ಗಂಟೆ ಎಲ್ಲಿಂದ ತರುವುದು?

‘ಯಾವುದೇ ಕಲೆ ಕೈಹತ್ತಲು 10,000 ಗಂಟೆ ಬೇಕು, ನೌಕರಿ ಮಾಡುವವನಿಗೆ ಅಷ್ಟು ಸಮಯ ಎಲ್ಲಿದೆ?’ ಇದು ಇನ್ನೊಂದು ಪ್ರಸಿದ್ಧ ಸಂದೇಶ. ಇದರ ಮೂಲ ಆಂಡರ್ಸ್‌ ಎರಿಕ್‌ಸನ್‌ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಮೇಲೆ ಮಾಡಿ 1993ರಲ್ಲಿ ಪ್ರಕಟಿಸಿದ ಅಧ್ಯಯನ. ಅದನ್ನು ‘ನಿಯಮ’ವೆಂದು ಜನಪ್ರಿಯಗೊಳಿಸಿದ್ದು 2008ರಲ್ಲಿ ಬಂದ ಮಾಲ್ಕಮ್‌ ಗ್ಲಾಡ್‌ವೆಲ್‌ ಪುಸ್ತಕ. ಅದು ಒಂದು ಗುಂಪಿನ ಸರಾಸರಿ ಮಾತ್ರ, ಮಂತ್ರಸಂಖ್ಯೆಯಲ್ಲ ಎಂದು ಮುಂದೆ ಎರಿಕ್‌ಸನ್‌ ಅವರೇ ಸ್ಪಷ್ಟಪಡಿಸಿದರು. ಎಷ್ಟು ಗಂಟೆ ಎಂಬುದಕ್ಕಿಂತ, ತಪ್ಪನ್ನು ಗುರುತಿಸಿ ತಿದ್ದಿಕೊಳ್ಳುತ್ತ ಅಭ್ಯಾಸ ಮಾಡುತ್ತೀರಾ ಎಂಬುದು ಮುಖ್ಯ.

ಕೆಲಸ ಮಾಡುವವರಿಗೆ ಅನುಕೂಲವಾದ ಇನ್ನೊಂದು ಸಂಗತಿಯಿದೆ. ಒಂದೇ ದಿನ ಆರು ತಾಸು ಕುಳಿತು ಉರುಹೊಡೆಯುವುದಕ್ಕಿಂತ, ಅದೇ ಆರು ತಾಸನ್ನು ಹಲವು ದಿನಗಳಿಗೆ ಹಂಚಿದರೆ ನೆನಪು ಹೆಚ್ಚು ಕಾಲ ನಿಲ್ಲುತ್ತದೆ. ಜರ್ಮನಿಯ ಎಬಿಂಗ್‌ಹೌಸ್‌ 1885ರಲ್ಲೇ ಗಮನಿಸಿದ ಇದನ್ನು ಮುಂದೆ ಬಹಳಷ್ಟು ಪ್ರಯೋಗಗಳು ದೃಢಪಡಿಸಿವೆ. ಮನಃಶಾಸ್ತ್ರಜ್ಞೆ ಹೆಲ್ಗಾ ನೋಯ್ಸ್‌ ಮತ್ತು ನಟ ಟೋನಿ ನೋಯ್ಸ್‌ ನಡೆಸಿದ ಅಧ್ಯಯನಗಳ ಪ್ರಕಾರ ನುರಿತ ನಟರು ಮಾತನ್ನು ಬರೀ ಬಾಯಿಪಾಠ ಮಾಡುವುದಿಲ್ಲ. ಈ ಪಾತ್ರ ಈ ಮಾತನ್ನು ಯಾಕೆ ಆಡುತ್ತಿದೆ ಎಂದು ಹುಡುಕುತ್ತಾರೆ; ಮಾತು ತಾನಾಗಿ ನೆನಪಿನಲ್ಲಿ ಕೂರುತ್ತದೆ. ಈ ಹುಡುಕಾಟವನ್ನು ಬಸ್ಸಿನಲ್ಲೂ ಮಾಡಬಹುದು, ಅಂಗಡಿಯ ಗಿರಾಕಿಯನ್ನು ನೋಡುತ್ತಲೂ ಮಾಡಬಹುದು.

ಆದರೆ ನಿದ್ದೆಗೆ ಕತ್ತರಿ ಹಾಕಬೇಡಿ. ಕಲಿತದ್ದು ಗಟ್ಟಿಯಾಗಲು ನಿದ್ದೆ ಬೇಕು. ಬರ್ಲಿನ್ನಿನ ಅದೇ ಅಧ್ಯಯನದಲ್ಲಿ ಮುಂದಿದ್ದ ವಿದ್ಯಾರ್ಥಿಗಳು ಉಳಿದವರಿಗಿಂತ ಹೆಚ್ಚು ನಿದ್ದೆ ಮಾಡುತ್ತಿದ್ದರು. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ತಾಸು ಬೇಕೆಂಬುದು ತಜ್ಞರ ಸಲಹೆ. ರಾತ್ರಿಯಿಡೀ ತಾಲೀಮು, ಬೆಳಿಗ್ಗೆ ಯಂತ್ರದ ಮುಂದೆ ಕೆಲಸ ಎಂಬುದು ಜೀವಕ್ಕೇ ಅಪಾಯ.

ಅವಸರದವರಿಗೆ ಬೀಸುವ ಬಲೆ

ಈ ಸ್ಫೂರ್ತಿಯ ಸಂದೇಶಗಳ ಬೆನ್ನಿಗೇ ಇನ್ನೊಂದು ಬರುತ್ತದೆ: ದೊಡ್ಡ ಸಿನಿಮಾಕ್ಕೆ ಹೊಸಮುಖಗಳು ಬೇಕು, ನೋಂದಣಿ ಶುಲ್ಕ ಕಳಿಸಿ. ಅವಸರದಲ್ಲಿರುವವರೇ ಇದಕ್ಕೆ ಬೇಗ ಬೀಳುತ್ತಾರೆ. ಪಾತ್ರ ಕೊಡುವವರು ನಟನಿಗೆ ಹಣ ಕೊಡಬೇಕೇ ಹೊರತು ಕೇಳಬಾರದು. ಶುಲ್ಕ, ಫೋಟೊ ಖರ್ಚು, ಠೇವಣಿ ಎಂದು ಮುಂಗಡ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್‌ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಿಂಗಳ ಪಗಾರ ಬರುತ್ತಿರುವವನು ಇಂಥ ಕರೆಗೆ ಬೇಡ ಎನ್ನಬಲ್ಲ. ನೌಕರಿಯ ಒಂದು ದೊಡ್ಡ ಲಾಭ ಇದು.

ಹಾಗಾದರೆ ನೌಕರಿ ಬಿಡಲೇಬಾರದೇ?

ಹಾಗೆ ನಾವು ಹೇಳುತ್ತಿಲ್ಲ. ಚಿತ್ರೀಕರಣ ಹಗಲಿಡೀ ನಡೆಯುತ್ತದೆ, ಕಂಪನಿ ನಾಟಕ ಊರೂರು ತಿರುಗುತ್ತದೆ. ಒಂದು ಹಂತದಲ್ಲಿ ಎರಡರಲ್ಲೊಂದು ಆರಿಸಲೇಬೇಕು. ನಿಧಾನವಾಗಿ ಹೋದವರೆಲ್ಲ ಗೆಲ್ಲುತ್ತಾರೆ ಎಂಬ ಖಾತರಿಯೂ ಇಲ್ಲ. ಆದರೆ ನಿಧಾನದ ದಾರಿಯಲ್ಲಿ ಸೋತರೂ ಮನೆಯ ಒಲೆ ಆರುವುದಿಲ್ಲ.

ಮೆಣಸಗಿಯ ಹುಡುಗ ಇರಲಿ, ಹುಡುಗಿ ಇರಲಿ, ಮೊದಲ ಹೆಜ್ಜೆಗೆ ಬೆಂಗಳೂರೇ ಬೇಕಿಲ್ಲ. ಊರ ನಾಟಕದ ತಾಲೀಮು ಇದೆ. ಪಕ್ಕದ ಬಾದಾಮಿ ತಾಲ್ಲೂಕಿನ ಬನಶಂಕರಿ ಜಾತ್ರೆಗೆ ವೃತ್ತಿ ಕಂಪನಿಗಳು ಬಂದು ವಾರಗಟ್ಟಲೆ ನಾಟಕ ಆಡುತ್ತವೆ. ಕುಳಿತು ನೋಡುವುದೂ ಪಾಠವೇ, ಕಲಾವಿದರನ್ನು ಮಾತಾಡಿಸಿ ಅವರ ಬದುಕು ಹೇಗೆ ನಡೆಯುತ್ತದೆ ಎಂದು ಕೇಳುವುದು ಇನ್ನೂ ದೊಡ್ಡ ಪಾಠ. ಮುಂದೆ ಕಲಿಯಲೇಬೇಕು ಎನ್ನಿಸಿದರೆ ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ಸರ್ಕಾರಿ ನೌಕರರಾದರೆ ಬಣ್ಣ ಹಚ್ಚುವ ಮುನ್ನ ಇಲಾಖೆಯ ಅನುಮತಿ ಬೇಕೇ ಎಂದು ವಿಚಾರಿಸಿಕೊಳ್ಳಿ.

ಬಿಡುವ ದಿನ ಬಂತು ಎನ್ನಿಸಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ನಟನೆಗೆ ಯಾರಾದರೂ ಹಣ ಕೊಟ್ಟು, ಮತ್ತೆ ಮತ್ತೆ ಕರೆಯುತ್ತಿದ್ದಾರೆಯೇ? ಕೆಲವು ತಿಂಗಳ ಮನೆಖರ್ಚು ಕೈಯಲ್ಲಿದೆಯೇ? ಮನೆಯವರಿಗೆ ಪೂರ್ತಿ ಲೆಕ್ಕ ಹೇಳಿದ್ದೀರಾ? ಮೂರಕ್ಕೂ ಹೌದು ಎಂದಾದರೆ ಆಗ ಬಿಡುವುದು ಜೂಜಾಗುವುದಿಲ್ಲ.

ಮುಂದಿನ ಸಲ ಆ ಎರಡು ಫೋಟೊಗಳ ಸಂದೇಶ ಬಂದರೆ ಅಳಿಸಬೇಕಿಲ್ಲ, ಕಳಿಸಿ. ಆದರೆ ಎರಡು ಫೋಟೊಗಳ ನಡುವಿನ ವರ್ಷಗಳನ್ನೂ ಒಂದು ಸಾಲಿನಲ್ಲಿ ಸೇರಿಸಿ ಕಳಿಸಿ.