ಹರಾಜಿಗಿಟ್ಟ ನುಡಿ



ಕಳೆದ ಮಳೆಗಾಲದಲ್ಲಿ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಒಂದು ಹಾಳೆಯನ್ನು ಹಿಡಿದು ನನ್ನ ಬಳಿಗೆ ಬಂದರು. ಕಾಫಿ ತೋಟದ ನಡುವೆ ಇರುವ ತಮ್ಮ ಮನೆಯ ಎರಡು ಕೋಣೆಗಳನ್ನು ಅವರು ಹೋಂಸ್ಟೇ ಮಾಡಿದ್ದಾರೆ. ಅಂತರಜಾಲದಲ್ಲಿ ಜಾಹೀರಾತು ಹಾಕಿಸಿಕೊಡುವುದಾಗಿ ಹಣ ಪಡೆದಿದ್ದ ಒಬ್ಬ ದಲ್ಲಾಳಿ, ಅವರು ಬರೆದುಕೊಟ್ಟ ವಿವರವನ್ನು ತಿದ್ದಿ ಕಳುಹಿಸಿದ್ದನು. 'ಕೊಡಗು' ಎಂಬ ಪದ ಅದರಲ್ಲಿ ಎಲ್ಲಿಯೂ ಉಳಿದಿರಲಿಲ್ಲ. ಪ್ರತಿಯೊಂದು ಕಡೆಯೂ 'ಕೂರ್ಗ್' ಎಂದಿತ್ತು. ಹಿರಿಯರು ಮನೆಗಿಟ್ಟ ಹೆಸರನ್ನೂ ಹೊಡೆದು ಹಾಕಲಾಗಿತ್ತು. "ಫಾದರ್, ನಮ್ಮ ಮನೆ ಹೆಸರನ್ನು ಯಾರೂ ಹುಡುಕುವುದಿಲ್ಲವಂತೆ. ಅದಕ್ಕೆ ದುಡ್ಡು ಹಾಕಿದರೆ ದಂಡವಂತೆ. ಹೌದೇ?" ಎಂದು ಕೇಳಿದರು.

ಹೌದೆಂದೇ ಹೇಳಬೇಕಾಯಿತು. ಆದರೆ ಆ ಉತ್ತರ ಅಂದಿನಿಂದ ನನ್ನನ್ನು ಕಾಡುತ್ತಿದೆ. ಬ್ರಿಟಿಷರ ನಾಲಿಗೆಗೆ ಹೊರಳಿದಂತೆ ರೂಪುಗೊಂಡ 'ಕೂರ್ಗ್' ಎಂಬುದು 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಸರಕಾರಿ ಕಾಗದಪತ್ರಗಳ ಹೆಸರಾಗಿತ್ತು. ಸರಕಾರ ಕೈಬಿಟ್ಟ ಆ ಹೆಸರನ್ನು ಇಂದು ನಮ್ಮ ಮೇಲೆ ಮತ್ತೆ ಹೇರುತ್ತಿರುವವರು ಯಾವ ದೊರೆಯೂ ಅಲ್ಲ, ಒಂದು ಹರಾಜುಕಟ್ಟೆ.

ಏಲಕ್ಕಿ ಹರಾಜನ್ನು ಕಂಡ ನಮ್ಮ ಬೆಳೆಗಾರರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನೀವು ಗೂಗಲ್‌ನಲ್ಲಿ ಒಂದು ಪದವನ್ನು ಬರೆದು ಒತ್ತಿದ ಕೂಡಲೇ, ಕಣ್ಣು ಮಿಟುಕಿಸುವಷ್ಟರಲ್ಲಿ, ಆ ಪದದ ಮೇಲೆ ಹರಾಜು ನಡೆಯುತ್ತದೆ. ಆ ಪದಕ್ಕೆ ಯಾರು ಎಷ್ಟು ಕೊಡಬಲ್ಲರೆಂಬುದನ್ನು ವ್ಯಾಪಾರಿಗಳು ಮೊದಲೇ ಸೂಚಿಸಿರುತ್ತಾರೆ. ಕೂಗಿದ ಬೆಲೆ, ಜಾಹೀರಾತಿನ ಗುಣಮಟ್ಟ ಇತ್ಯಾದಿಗಳನ್ನು ಯಂತ್ರವು ತೂಗಿ ನೋಡಿ, ಗೆದ್ದವರನ್ನು ಪುಟದ ಮೇಲ್ಭಾಗದಲ್ಲಿ ಕೂರಿಸುತ್ತದೆ. ನೀವು ಅದನ್ನು ಒತ್ತಿದರೆ ಅವರು ಹಣ ತೆರಬೇಕು. 2000ದಲ್ಲಿ ಆರಂಭವಾದ ಈ ವ್ಯವಹಾರ ಇಂದು ಎಷ್ಟು ಬೆಳೆದಿದೆಯೆಂದರೆ, 2023ರಲ್ಲಿ ಗೂಗಲ್‌ನ ಮಾತೃಸಂಸ್ಥೆಗೆ ಬಂದ ಸುಮಾರು 30,700 ಕೋಟಿ ಡಾಲರ್ ವರಮಾನದಲ್ಲಿ 23,700 ಕೋಟಿಗೂ ಹೆಚ್ಚು ಜಾಹೀರಾತಿನದ್ದೇ ಆಗಿತ್ತು. ಏಲಕ್ಕಿ ಹರಾಜಿನಲ್ಲಿ ಬೆಳೆದವನ ಕೈಗೆ ನಾಲ್ಕು ಕಾಸಾದರೂ ಬರುತ್ತದೆ. ಪದವನ್ನು ಬೆಳೆದವರು ಯಾರು? ನಮ್ಮ ಅಜ್ಜಿಯರು, ಕೂಲಿಯಾಳುಗಳು, ಸಂತೆಯ ಜನರು. ಅವರಿಗೆ ಇಲ್ಲಿ ಬಿಡಿಗಾಸೂ ಇಲ್ಲ.

ಪತ್ರಿಕೆಗಳಲ್ಲಿಯೂ ಜಾಹೀರಾತು ಇರುತ್ತದಲ್ಲವೇ, ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಧರ್ಮಕೇಂದ್ರಗಳ ಹಬ್ಬದ ಸ್ಮರಣಸಂಚಿಕೆಗಳೂ ಜಾಹೀರಾತು ಇಲ್ಲದೆ ಅಚ್ಚಾಗುವುದಿಲ್ಲ. ಆದರೆ ಪತ್ರಿಕೆ ಮಾರುವುದು ಕಾಗದದ ಮೇಲಿನ ಜಾಗವನ್ನು. ಓದುಗನ ಬಾಯಲ್ಲಿ ಇನ್ನೂ ಹುಟ್ಟುತ್ತಿರುವ ಮಾತನ್ನಲ್ಲ. ಹುಡುಕಾಟವೆಂದರೆ ಮನುಷ್ಯನ ಪ್ರಶ್ನೆ. ರಾತ್ರಿ ಎರಡು ಗಂಟೆಯಲ್ಲಿ, ಮನೆಯವರೆಲ್ಲ ನಿದ್ರಿಸಿರುವಾಗ, ಮಗನ ಕುಡಿತದ ಬಗ್ಗೆ, ಎದೆಯಲ್ಲಿ ಕಂಡ ಗಂಟಿನ ಬಗ್ಗೆ, ತೀರದ ಸಾಲದ ಬಗ್ಗೆ ಒಬ್ಬಳು ತಾಯಿ ಬರೆಯುವ ನಾಲ್ಕು ಪದಗಳು. ಪಾಪನಿವೇದನೆಯ ಪೀಠದಲ್ಲಿ ಇಪ್ಪತ್ತೈದು ವರ್ಷಗಳಿಂದ ಕುಳಿತವನು ನಾನು. ತನ್ನ ಸಂಕಟಕ್ಕೆ ಸರಿಯಾದ ಪದ ಸಿಗದೆ ಮನುಷ್ಯ ಎಷ್ಟು ತಡವರಿಸುತ್ತಾನೆ, ಸಿಕ್ಕ ಪದವನ್ನು ಎಷ್ಟು ಅಂಜುತ್ತ ಉಚ್ಚರಿಸುತ್ತಾನೆ ಎಂಬುದನ್ನು ಬಲ್ಲೆ. ಆ ಪದವನ್ನು ಕೇಳಿಸಿಕೊಂಡವನು ಅದನ್ನು ಪ್ರಾಣವಿರುವವರೆಗೆ ಕಾಯಬೇಕು. ಇಲ್ಲಿಯಾದರೋ ಕೇಳಿಸಿಕೊಂಡವನೇ ಅದನ್ನು ಕೂಗಿ ಮಾರುತ್ತಾನೆ. ಸಾಲ, ವಿಮೆ, ವಕೀಲ, ಚಿಕಿತ್ಸೆ: ಜಗತ್ತಿನ ಈ ಪೇಟೆಯಲ್ಲಿ ದುಬಾರಿಯಾದ ಪದಗಳ ಸಾಲಿನಲ್ಲಿ ಸದಾ ಇರುವವು ಇವೇ. ಹೆಚ್ಚು ನೊಂದವನ ಮಾತಿಗೆ ಹೆಚ್ಚು ದರ! 2017ರಲ್ಲಿ ಅಮೆರಿಕದಲ್ಲಿ ವ್ಯಸನಮುಕ್ತಿ ಕೇಂದ್ರಗಳನ್ನು ಹುಡುಕುತ್ತಿದ್ದವರನ್ನು ದಲ್ಲಾಳಿಗಳು ದಾರಿ ತಪ್ಪಿಸುತ್ತಿದ್ದ ಹಗರಣ ಬಯಲಾದ ಮೇಲೆ, ಅಂತಹ ಜಾಹೀರಾತುಗಳಿಗೆ ಗೂಗಲ್ ತಾನೇ ಕಡಿವಾಣ ಹಾಕಬೇಕಾಯಿತು. ಅಲ್ಲಿಯವರೆಗೆ ಆ ಪದಗಳೂ ಹರಾಜಿನಲ್ಲಿಯೇ ಇದ್ದವು.

ನಮ್ಮ ದೇಶದ ಒಂದು ಮೊಕದ್ದಮೆಯನ್ನು ನೋಡಿ. ಅಗರ್‌ವಾಲ್ ಪ್ಯಾಕರ್ಸ್ ಅಂಡ್ ಮೂವರ್ಸ್ ಎಂಬ ಸಾಗಣೆ ವ್ಯಾಪಾರದ ಹೆಸರನ್ನು ಹುಡುಕಿದರೆ ಬೇರೆಯವರ ಜಾಹೀರಾತು ಬರುತ್ತದೆಂದು ಅದರ ಒಡೆಯರು ನ್ಯಾಯಾಲಯಕ್ಕೆ ಹೋದರು. 2023ರ ಆಗಸ್ಟ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು, ಈ ವ್ಯವಹಾರದಲ್ಲಿ ಗೂಗಲ್ ಕೈಕಟ್ಟಿ ಕುಳಿತ ಮಧ್ಯವರ್ತಿಯಲ್ಲ, ಸಕ್ರಿಯ ಪಾಲುದಾರ ಎಂದು ಹೇಳಿತು. ಸಂತೋಷ. ನೋಂದಾಯಿತ ಹೆಸರಿಗೆ ಒಡೆಯನಿದ್ದಾನೆ, ಆತನಿಗೆ ವಕೀಲರಿದ್ದಾರೆ. 'ಕೊಡಗು' ಎಂಬ ಪದಕ್ಕೆ, 'ತಾಯಿ', 'ಔಷಧ' ಎಂಬ ಪದಗಳಿಗೆ ಯಾವ ವಕೀಲರು? ಎಲ್ಲರ ಸೊತ್ತಾದುದರಿಂದಲೇ ಅವುಗಳನ್ನು ಯಾರು ಬೇಕಾದರೂ ಮಾರಬಹುದೇ?

2021ರ ಜೂನ್ ತಿಂಗಳನ್ನು ನೀವು ಮರೆತಿರಲಾರಿರಿ. ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದರೆ, ಗೂಗಲ್ ಕನ್ನಡದ ಹೆಸರನ್ನು ತೋರಿಸುತ್ತಿತ್ತು. ನಾಡು ಕೆರಳಿತು, ಅಂದಿನ ಸಚಿವರಾದ ಅರವಿಂದ ಲಿಂಬಾವಳಿಯವರು ಕಾನೂನು ಕ್ರಮದ ಎಚ್ಚರಿಕೆ ಕೊಟ್ಟರು, ಸಂಸ್ಥೆ ಕ್ಷಮೆ ಕೇಳಿ ಅದನ್ನು ತೆಗೆದು ಹಾಕಿತು. ಅಲ್ಲಿಗೆ ನಾವು ಸಮಾಧಾನಗೊಂಡೆವು. ಆದರೆ ಆ ಉತ್ತರ ಎಲ್ಲಿಂದ ಬಂದಿತ್ತು? ಸಾಲ ತೀರಿಸುವ ವಿಷಯದ ಹೆಸರು ಹೊತ್ತ ಯಾವುದೋ ಜಾಲತಾಣದಿಂದ! ಸಾಲಕ್ಕೂ ಕನ್ನಡಕ್ಕೂ ಏನು ನಂಟು? ಜನರು ಏನನ್ನು ಹುಡುಕಬಹುದೋ ಅದನ್ನೆಲ್ಲ ಒಂದೆಡೆ ಗೀಚಿಟ್ಟು, ಬಂದವರ ಕಣ್ಣಿಗೆ ಜಾಹೀರಾತು ತೋರಿಸಿ ಕಾಸು ಮಾಡುವ ಪುಟಗಳು ಈ ಪೇಟೆಯಲ್ಲಿ ಲೆಕ್ಕವಿಲ್ಲದಷ್ಟಿವೆ. ಕನ್ನಡವನ್ನು ದ್ವೇಷಿಸಿದವನು ಬಯ್ದಿದ್ದರೆ ನಾವು ಉತ್ತರಿಸಬಹುದಿತ್ತು. ಇಲ್ಲಿ ದ್ವೇಷಿಸುವಷ್ಟು ಗಮನವೂ ಯಾರಿಗೂ ಇರಲಿಲ್ಲವೆಂದೇ ನನ್ನ ಅನಿಸಿಕೆ. ನನಗೆ ಹೆಚ್ಚು ನೋವಾದದ್ದು ಅದರಿಂದ.

ಇನ್ನೊಂದು ಸಂಗತಿ. ಹೆಚ್ಚು ಜನ ಹುಡುಕದ ಪದವನ್ನು ಈ ಜಾಹೀರಾತು ವ್ಯವಸ್ಥೆ 'ಕಡಿಮೆ ಹುಡುಕಾಟ'ದ್ದೆಂದು ಗುರುತಿಸಿ ನಿಷ್ಕ್ರಿಯಗೊಳಿಸುತ್ತದೆ. ವ್ಯಾಪಾರದ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ 2001ರ ಜನಗಣತಿಯಲ್ಲಿ 1,66,187 ಮಂದಿ ತಮ್ಮ ತಾಯ್ನುಡಿಯೆಂದು ಬರೆಸಿದ ಕೊಡವ ತಕ್ಕ್ 2011ರಲ್ಲಿ 1,13,857 ಮಂದಿಗೆ ಇಳಿದಿರುವ ನಾಡಿನಲ್ಲಿ ನಿಂತು ಆ ಮಾತನ್ನು ಕೇಳಿ. ಎರವರು, ಜೇನುಕುರುಬರು ಕಾಡಿನ ಗಿಡಬಳ್ಳಿಗಳಿಗೆ ಇಟ್ಟ ಹೆಸರುಗಳನ್ನು ಯಾವ ವ್ಯಾಪಾರಿ ಕೂಗಿಯಾನು? ಕಿಟ್ಟೆಲ್ ಪಂಡಿತರು (ನಮ್ಮ ಸಭೆಯವರಲ್ಲದಿದ್ದರೂ ನಾವು ನಮಸ್ಕರಿಸಬೇಕಾದವರು) 1894ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅಪರೂಪದ ಪದ ಸಿಕ್ಕಿದರೆ ಅದನ್ನು ಕೈಬಿಡುವುದಲ್ಲ, ಸೇರಿಸುವುದೇ ನಿಘಂಟುಕಾರನ ಧರ್ಮ. ಹರಾಜುಕಾರನ ಲೆಕ್ಕ ಇದಕ್ಕೆ ತದ್ವಿರುದ್ಧ.

ಇದನ್ನು ತಡೆಯಲಾಗದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹೆಣ್ಣುಭ್ರೂಣ ಹತ್ಯೆಗೆ ದಾರಿಯಾಗುವ ಲಿಂಗಪತ್ತೆಯ ಜಾಹೀರಾತುಗಳ ವಿರುದ್ಧ ಡಾ. ಸಾಬು ಮ್ಯಾಥ್ಯೂ ಜಾರ್ಜ್ ಅವರು 2008ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2016ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಅಂತಹ ಪದಗಳಿಗೆ ಜಾಹೀರಾತು ಬಾರದಂತೆ ತಡೆಯಲು ಒಪ್ಪಬೇಕಾಯಿತು. ಒಬ್ಬ ಮನುಷ್ಯನ ಎಂಟು ವರ್ಷಗಳ ಛಲದ ಫಲವಿದು. ರೋಗ, ಸಾಲ, ವ್ಯಸನಗಳ ಪದಗಳ ಮೇಲಿನ ಹರಾಜನ್ನು ನಿಲ್ಲಿಸಿರೆಂದು ನಮ್ಮ ಶಾಸಕರನ್ನೂ ಸಂಸದರನ್ನೂ ನಾವು ಕೇಳಿದ್ದೇವೆಯೇ? ಒಂದು ಪತ್ರವನ್ನಾದರೂ ಬರೆದಿದ್ದೇವೆಯೇ?

ಆ ತಾಯಿಗೆ ನಾನು ಜಾಹೀರಾತು ಬಿಡಿರೆಂದು ಹೇಳಲಿಲ್ಲ. ಅವರಿಗೆ ಮಗಳ ಕಾಲೇಜು ಶುಲ್ಕ ಕಟ್ಟಬೇಕಾಗಿದೆ. ಉಪದೇಶ ಮಾಡುವುದು ನನಗೆ ಸುಲಭ. ದಲ್ಲಾಳಿಯ ಹಾಳೆಯಲ್ಲಿ 'ಕೂರ್ಗ್' ಇದ್ದರೆ ಇರಲಿ, ಅದರ ಪಕ್ಕದಲ್ಲಿ 'ಕೊಡಗು' ಎಂದೂ, ಮನೆಯ ಹೆಸರನ್ನೂ ಕನ್ನಡ ಲಿಪಿಯಲ್ಲಿ ಬರೆಸಿ ಎಂದೆ. ಗೇಟಿನ ಫಲಕದಲ್ಲಿ ಮಾತ್ರ ಹಿರಿಯರಿಟ್ಟ ಹೆಸರೊಂದೇ ಇರಲಿ ಎಂದೆ. ಓದುಗರೇ, ನಿಮ್ಮಲ್ಲಿಯೂ ಎಷ್ಟೋ ಮಂದಿ ಹೋಂಸ್ಟೇ ನಡೆಸುತ್ತಿದ್ದೀರಿ. ನಿಮಗೂ ಹೇಳುವುದು ಇಷ್ಟೇ. ಫೋನಿನಲ್ಲಿ ಏನನ್ನಾದರೂ ಹುಡುಕುವಾಗ ಕನ್ನಡದಲ್ಲಿಯೇ ಬರೆಯಿರಿ. ಮೇಲಿನ ಸಾಲಿನಲ್ಲಿ 'ಪ್ರಾಯೋಜಿತ' ಎಂಬ ಸಣ್ಣ ಪದವಿದೆಯೇ ಎಂದು ನೋಡಿ, ಇದ್ದರೆ ಕೆಳಗಿಳಿದು ಓದಿ. ಕಾಯಿಲೆಯ ವಿಷಯವಾದರೆ ಫೋನಿಗಿಂತ ಮೊದಲು ವೈದ್ಯರನ್ನು ಕೇಳಿ. ಸಾಲದ ಅಥವಾ ಕುಡಿತದ ವಿಷಯವಾದರೆ ಗುರುನಿವಾಸದ ಬಾಗಿಲು ರಾತ್ರಿಯೂ ತೆರೆದಿರುತ್ತದೆ.

ಆ ತಾಯಿಯ ಗೇಟಿಗೆ ಕಳೆದ ತಿಂಗಳು ಫಲಕ ಬಂದಿದೆ. ಬಣ್ಣ ಬರೆದ ಹುಡುಗ ಒಂದು ಒತ್ತಕ್ಷರವನ್ನು ತಪ್ಪಿದ್ದಾನೆ. ಈ ಭಾನುವಾರ ಬಲಿಪೂಜೆಯಾದ ಮೇಲೆ ಬಂದು ತಿದ್ದಿಕೊಡುತ್ತೇನೆಂದು ಹೇಳಿದ್ದಾನೆ.