ಗಾಡಿ ಬಂದ್ ಬಿದ್ದರೆ ಮೊದಲು ಬ್ಯಾಟರಿ ನೋಡಿರಿ



ಗಡಿಭಾಗದ ಕನ್ನಡ ಶಾಲೆಗಳ ಅಂಗಳದಲ್ಲಿ ನಿಲ್ಲುವ ಕಾರುಗಳೆಲ್ಲ ಬಹುತೇಕ ಸೆಕೆಂಡ್ ಹ್ಯಾಂಡ್. ನಮ್ಮದೂ ಅಷ್ಟೇ. ಉಮರಗಾದಲ್ಲಿ ಮನೆ ಮಾಡಿರುವ ನಾವು ನಾಲ್ವರು ಶಿಕ್ಷಕರು ಕೂಡಿ ಒಂದು ಹಳೆಯ ಪೆಟ್ರೋಲ್ ಕಾರು ಕೊಂಡಿದ್ದೇವೆ. ಪೆಟ್ರೋಲಿನ ಖರ್ಚು ನಾಲ್ಕು ಪಾಲು, ಮನೆಯವರ ಬೈಗುಳವೂ ನಾಲ್ಕು ಪಾಲು.

ಹತ್ತನೆಯ ತರಗತಿಯ ಪರೀಕ್ಷೆ ನಡೆದಿತ್ತು. ಒಂದು ದಿನ ಬೆಳಿಗ್ಗೆ ಬಸ್ಸು ಬರಲಿಲ್ಲ. ವಸ್ತಿಯ ಮೂವರು ಹುಡುಗಿಯರನ್ನು ಕೇಂದ್ರಕ್ಕೆ ಮುಟ್ಟಿಸುವ ಜವಾಬ್ದಾರಿ ನಮ್ಮ ಮೇಲೆ ಬಿತ್ತು. ಸೋಲಾಪುರ-ಹೈದರಾಬಾದ್ ಹೆದ್ದಾರಿ ಕೂಡುವ ಫಾಟಾದಲ್ಲಿ ಲಾರಿಗಳಿಗೆ ದಾರಿ ಬಿಡಲು ನಿಂತೆವು. ರೇಡಿಯೇಟರ್ ಫ್ಯಾನ್ ತಿರುಗತೊಡಗಿತು, ಡ್ಯಾಶ್‌ಬೋರ್ಡಿನ ದೀಪಗಳು ಒಮ್ಮೆ ಮಂಕಾದವು, ಎಂಜಿನ್ ನಿಂತೇಹೋಯಿತು. ಸೆಲ್ಫ್ ಹೊಡೆದರೆ ಬರೀ ಟಕ್ ಟಕ್. ಹಿಂದೆ ಕುಳಿತ ಹುಡುಗಿಯೊಬ್ಬಳು ಡ್ಯಾಶ್‌ಬೋರ್ಡಿನ ಗಡಿಯಾರ ನೋಡಿ, "ಗುರುಜಿ, ಹನ್ನೆರಡ ಆಗ್ಯಾದ್ರಿ!" ಎಂದು ಅಳತೊಡಗಿದಳು. ಪರೀಕ್ಷೆ ಇದ್ದದ್ದು ಹನ್ನೊಂದಕ್ಕೆ. ಬ್ಯಾಟರಿಯ ಸಂಪರ್ಕ ತಪ್ಪಿದಾಗಲೆಲ್ಲ ಆ ಗಡಿಯಾರ ಹನ್ನೆರಡಕ್ಕೆ ಹೋಗಿ ಕೂಡುತ್ತದೆಂದು ಆಕೆಗೆ ಹೇಗೆ ಗೊತ್ತಾಗಬೇಕು? ವಾರದಿಂದ ಅದನ್ನು ಸರಿಪಡಿಸುತ್ತಿದ್ದ ನಮಗೂ ಅದರ ಅರ್ಥ ಹೊಳೆದಿರಲಿಲ್ಲ.

ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ಇಳಿದು ಬಂದ. ಬಾನೆಟ್ ಎತ್ತಿಸಿ, ಬ್ಯಾಟರಿಯ ನೆಗೆಟಿವ್ ಕ್ಲಾಂಪನ್ನು ಕೈಯಿಂದ ಹಿಡಿದ. ಅದು ಗರ್ರನೆ ತಿರುಗಿತು! ಸುತ್ತಲೂ ಬಿಳಿ-ಹಸಿರು ಪುಡಿ. ಚಾಕುವಿನಿಂದ ಕೆರೆದು, ಪಾನಾದಿಂದ ಬಿಗಿದ. "ಧಕ್ಕಾ ಹೊಡೀರಿ ಗುರುಜಿ" ಎಂದ. ಮೂವರು ಹುಡುಗಿಯರೂ ಇಳಿದು ನೂಕಿದರು, ಗಾಡಿ ಹಿಡಿಯಿತು. ಅವರು ಕೇಂದ್ರ ಮುಟ್ಟಿದಾಗ ಕೆಲವೇ ನಿಮಿಷ ಉಳಿದಿದ್ದವು.

ಇದಕ್ಕೂ ಮುಂಚೆ ಎರಡು ತಿಂಗಳು ನಾವು ಗ್ಯಾರೇಜು ತಿರುಗಿದ್ದೆವು. ಒಬ್ಬರು ಸೆನ್ಸರ್ ಬದಲಿಸಿದರು. ಇನ್ನೊಬ್ಬರು ಪೆಟ್ರೋಲ್ ಪಂಪಿನ ಮೇಲೆ ಹಾಕಿದರು. ಮೂರನೆಯವರು "ಕಂಪ್ಯೂಟರ್ ಹೋಗ್ಯಾದ" ಎಂದು ಕೈ ಚೆಲ್ಲಿದರು. ಬ್ಯಾಟರಿಗೆ ಮೀಟರ್ ಹಚ್ಚಿದವರು ಒಬ್ಬರೂ ಇಲ್ಲ. ಅವರನ್ನು ಬೈಯಲು ನಮಗೆ ಬಾಯಿಲ್ಲ. ಸೀಸ-ಆಮ್ಲದ ಕೋಶವನ್ನು ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ಮಾಡಿದ, ಒಂದು ಕೋಶಕ್ಕೆ ಸುಮಾರು 2.1 ವೋಲ್ಟ್, ಆರು ಕೋಶ ಸೇರಿದರೆ 12.6 ಎಂದು ಬೋರ್ಡಿನ ಮೇಲೆ ಬರೆಸುವವರು ನಾವೇ. ಶಾಲೆಯ ಕಪಾಟಿನಲ್ಲಿ ಮಲ್ಟಿಮೀಟರ್ ಕೂಡ ಇತ್ತು, ಪ್ಲಾಸ್ಟಿಕ್ ಚೀಲ ಸಹ ಬಿಚ್ಚಿರಲಿಲ್ಲ.

ಬ್ಯಾಟರಿ ಸೆಲ್ಫ್ ಹೊಡೆಯಲಿಕ್ಕೆ ಮಾತ್ರ, ಎಂಜಿನ್ ಹತ್ತಿದ ಮೇಲೆ ಅದರ ಕೆಲಸವಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಕಾಳಿ-ಪಿವಳಿ ಜೀಪುಗಳನ್ನು ನೋಡಿ ಬಂದದ್ದು ಅದು. ಹಳೆಯ ಡೀಸೆಲ್ ಜೀಪಿಗೆ ಬೆಳಿಗ್ಗೆ ಒಮ್ಮೆ ಧಕ್ಕಾ ಹೊಡೆದರೆ ಸಂಜೆಯವರೆಗೆ ಓಡುತ್ತದೆ, ಏಕೆಂದರೆ ಅದರ ಪಂಪನ್ನು ಎಂಜಿನ್ನೇ ತಿರುಗಿಸುತ್ತದೆ. ಕಾರ್ಬೊರೇಟರ್ ಹೋಗಿ ಇಂಜೆಕ್ಷನ್ ಬಂದ ಪೆಟ್ರೋಲ್ ಕಾರಿನಲ್ಲಿ ಹಾಗಲ್ಲ. ಪೆಟ್ರೋಲ್ ಪಂಪು, ಇಂಜೆಕ್ಟರ್, ಅದರ ಕಂಪ್ಯೂಟರ್ ಎಲ್ಲವೂ ವಿದ್ಯುತ್ತಿನ ಮೇಲೆಯೇ. ಬೋರಿನ ನೀರನ್ನು ನೇರವಾಗಿ ನಲ್ಲಿಗೆ ಬಿಟ್ಟರೆ ಬಿಟ್ಟು ಬಿಟ್ಟು ಬರುತ್ತದೆ, ನಡುವೆ ಟಾಕಿ ಇದ್ದರೆ ಒಂದೇ ಸಮ ಬರುತ್ತದೆಯಲ್ಲವೇ? ಆಲ್ಟರ್ನೇಟರಿಗೆ ಬ್ಯಾಟರಿ ಅಂಥ ಟಾಕಿ. ಗಾಡಿ ನಿಂತು ಎಂಜಿನ್ ಮೆಲ್ಲಗೆ ತಿರುಗುವಾಗ ಆಲ್ಟರ್ನೇಟರ್ ಕೊಡುವುದೂ ಕಡಿಮೆ. ಆಗಲೇ ಫ್ಯಾನು ಒಮ್ಮೆಲೇ ಎಳೆದರೆ, ಟಾಕಿ ಖಾಲಿ ಇದ್ದರೆ ಅಥವಾ ಟಾಕಿಯ ಪೈಪೇ ಸಡಿಲಿದ್ದರೆ, ವೋಲ್ಟೇಜ್ ಕುಸಿದು ಕಂಪ್ಯೂಟರ್ ಕ್ಷಣಕಾಲ ದಾರಿ ತಪ್ಪುತ್ತದೆ. ಎಂಜಿನ್ ಬಂದ್. ಮಂಕು ದೀಪ, ತಡೆದು ತಡೆದು ಓಡುವ ವೈಪರ್, ಕಾರಣವಿಲ್ಲದೆ ಹತ್ತುವ ಎಚ್ಚರಿಕೆ ದೀಪ ಹೀಗೆ ಹತ್ತು ರೋಗ ಕಂಡರೂ ಮೂಲ ಒಂದೇ ಇರಬಹುದು.

ಮರುದಿನ ಆ ಮೀಟರಿನ ಚೀಲ ಬಿಚ್ಚಿದೆವು. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ಅಳೆದರೆ 12.1. ಇರಬೇಕಾದದ್ದು 12.6ರ ಆಸುಪಾಸು. ಸೆಲ್ಫ್ ಹೊಡೆಯುವಾಗ 8.6. ಅದು 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ನಡೆಯುವಾಗ 14.1, ಅಂದರೆ ಆಲ್ಟರ್ನೇಟರ್ ಆರೋಗ್ಯವಾಗಿದೆ. ಅಂಗಡಿಯಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿಸಿದರೂ ಸೆಲ್ಫ್ ಹೊಡೆದರೆ ಮತ್ತೆ ಅಷ್ಟೇ. ಹೊಸ ಬ್ಯಾಟರಿ ಹಾಕಿಸಿದೆವು.

ಹಾಗೆಂದು ಗಾಡಿ ನಿಂತಾಗಲೆಲ್ಲ ಹೊಸ ಬ್ಯಾಟರಿ ತರಬೇಕೆಂದಲ್ಲ. ನಿಲಂಗಾದ ಗೆಳೆಯರೊಬ್ಬರು ಒಂದೇ ವರ್ಷದಲ್ಲಿ ಎರಡು ಕೊಂಡರು. ಎಂಜಿನ್ ನಡೆಯುವಾಗ ಅವರ ಗಾಡಿಯಲ್ಲಿ 12.8 ದಾಟುತ್ತಿರಲಿಲ್ಲ, ಆಲ್ಟರ್ನೇಟರೇ ಕೆಟ್ಟಿತ್ತು. ಅಳೆಯದೆ ಕೊಳ್ಳುವುದು ನಮ್ಮ ಅಭಿಪ್ರಾಯದಲ್ಲಿ ಓದದೆ ಅಂಕ ಹಾಕಿದ ಹಾಗೆ. ಉದಗೀರದಲ್ಲಿ ಇನ್ನೊಬ್ಬರ ಗಾಡಿಯನ್ನು ಪರೀಕ್ಷಿಸಲು ಎಂಜಿನ್ ನಡೆಯುತ್ತಿರುವಾಗಲೇ ಬ್ಯಾಟರಿಯ ತಂತಿ ಕಿತ್ತರಂತೆ. ಎಷ್ಟೋ ಕಡೆ ಹೀಗೇ ಮಾಡುತ್ತಾರೆ, ದಯವಿಟ್ಟು ಮಾಡಗೊಡಬೇಡಿರಿ. ವೋಲ್ಟೇಜ್ ಒಮ್ಮೆಲೇ ಏರಿ, ನೆಟ್ಟಗಿದ್ದ ಕಂಪ್ಯೂಟರೂ ಸುಡಬಹುದು. ಎಂಜಿನ್ ಬಂದ್ ಮಾಡಿ, ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ಅದೇ ಕೊನೆಗೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಬೀಡಿ ಸೇದುವವರನ್ನು ದೂರ ಕಳಿಸಿರಿ.

ನಮ್ಮ ಸೀಮೆಯ ಬಿಸಿಲೂ ಬ್ಯಾಟರಿಯ ವೈರಿ. ಬಿಸಿ 10 ಡಿಗ್ರಿ ಹೆಚ್ಚಾದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆನ್ನುವುದು ಒಂದು ಅಂದಾಜು. ನೀರು ಆರಿದಾಗ ಬೋರಿನ ನೀರು ಹಾಕುವವರಿದ್ದಾರೆ. ಆ ಸವಳು ನೀರು ಪ್ಲೇಟುಗಳನ್ನು ಕೆಡಿಸುತ್ತದೆ, ಡಿಸ್ಟಿಲ್ಡ್ ವಾಟರೇ ಆಗಬೇಕು. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಿಸಿಕೊಂಡ ಲಾತೂರ ನಮ್ಮ ಮಗ್ಗುಲಿನದೇ, ನೀರಿನ ಬೆಲೆ ನಮಗೆ ಹೊಸದಾಗಿ ಹೇಳಬೇಕಿಲ್ಲ.

ಬೇಸಿಗೆ ರಜೆಯ ಲೆಕ್ಕವನ್ನು ಮಕ್ಕಳಿಗೇ ಕೊಟ್ಟೆವು. ನಿಂತ ಕಾರಿನ ಗಡಿಯಾರ, ಕಂಪ್ಯೂಟರ್, ಅಲಾರಂ ಸೇರಿ 40 ಮಿಲಿಆಂಪಿಯರ್ ಎಳೆದರೆ, 35 ಆಂಪಿಯರ್-ಅವರ್ ಬ್ಯಾಟರಿ ಎಷ್ಟು ದಿನ ಬಾಳುತ್ತದೆ? ಉತ್ತರ 36 ದಿನ. "ಮತ್ತ ರಜಾ ಮುಗಿಯೂದ್ರಾಗ ಸತ್ತೇ ಹೋಗ್ತದಲ್ರಿ ಗುರುಜಿ" ಎಂದ ಒಬ್ಬ. ಊರಿಗೆ ಹೋಗುವಾಗ ಈ ಸಲ ನೆಗೆಟಿವ್ ತಂತಿ ಬಿಚ್ಚಿಟ್ಟು ಹೋದೆವು. ಮೀಟರಿಗೆ ಈಗ ಕಪಾಟಿನಲ್ಲಿ ಜಾಗವಿಲ್ಲ, ಗಾಡಿಯಲ್ಲಿ ಒಂದು ವಾರ, ತರಗತಿಯಲ್ಲಿ ಒಂದು ವಾರ ಇರುತ್ತದೆ.