ಗೋಡೆಯನ್ನಲ್ಲ, ಇಕ್ಕಳವನ್ನು ನೋಡಿ

ತಪಾಸಣೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಹಲ್ಲಿನ ವೈದ್ಯರಲ್ಲಿ ಅರ್ಧ ಜನ ಸರ್ಕಾರವನ್ನು ಬೈಯುತ್ತಾರೆ, ಉಳಿದರ್ಧ ಜನ ಫೈಲು ಹುಡುಕುತ್ತಾರೆ. ಉಪಕರಣ ಬೇಯಿಸುವ ಡಬ್ಬದ ಮುಚ್ಚಳ ತೆಗೆದು ಒಮ್ಮೆ ನೋಡೋಣ ಎನ್ನುವವರು ಕಡಿಮೆ. ತಪಾಸಣೆಗೆ ಬರುವವರಲ್ಲಂತೂ ಇನ್ನೂ ಕಡಿಮೆ. ನನ್ನ ತಕರಾರು ಇರುವುದು ಆ ಮುಚ್ಚಳದ ಬಗ್ಗೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಜನರ ಬಾಯಿ ನೋಡಿಯೇ ನಾನು ಅನ್ನ ತಿಂದವನು. ನಮ್ಮ ಕಡೆ ಕ್ಲಿನಿಕ್ಕು ಎನ್ನುವುದು ಬೋರ್ಡಿನ ಮೇಲಷ್ಟೆ. ಜನರ ಬಾಯಲ್ಲಿ ಅದು 'ಹಲ್ಲಿನ ಡಾಕ್ಟ್ರ ಷಾಪು'. ಬಸ್ ನಿಲ್ದಾಣದ ಹತ್ತಿರ ಒಂದು ಮಳಿಗೆ, ಒಂದು ಕುರ್ಚಿ, ಒಬ್ಬ ಸಹಾಯಕಿ, ಹೊರಗೆ ಒಂದು ಬೆಂಚು. ಇಂಥ ಷಾಪು ನಡೆಸಲು ಎಷ್ಟು ಕಾಗದ ಬೇಕು ಎಂಬುದು ಹೊರಗಿನವರಿಗೆ ಗೊತ್ತಿರಲಾರದು. ರಾಜ್ಯ ದಂತ ಪರಿಷತ್ತಿನ ನೋಂದಣಿ ಬೇಕು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಪ್ರಾಧಿಕಾರದ ನೋಂದಣಿ ಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ಪ್ರತಿವರ್ಷ ಜೂನ್ 30ರೊಳಗೆ ವರದಿಯನ್ನೂ ಕೊಡಬೇಕು. ಒಂದು ಹಲ್ಲಿನ ಚಿತ್ರ ತೆಗೆಯುವ ಪುಟ್ಟ ಎಕ್ಸ್‌ರೇ ಯಂತ್ರಕ್ಕೂ ಮುಂಬಯಿಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನೋಂದಣಿ ಬೇಕು.

ಇವುಗಳಲ್ಲಿ ಯಾವುದೂ ಅನಗತ್ಯ ಎಂದು ನಾನು ಹೇಳುವುದಿಲ್ಲ. ಒಂದೇ ಕುರ್ಚಿಯ ಷಾಪಿಗೂ ಇನ್ನೂರು ಹಾಸಿಗೆಯ ಆಸ್ಪತ್ರೆಗೂ ಒಂದೇ ಕಾಯಿದೆಯೇ ಎಂದು ನನ್ನ ವೃತ್ತಿಬಾಂಧವರು ಕೇಳುತ್ತಾರೆ. ಕೇಳಲಿ, ಕಾಗದದ ಹೊರೆ ಕಡಿಮೆಯಾಗಲಿ. ಆದರೆ ರೋಗಿಯ ರಕ್ತ ಎರಡೂ ಕಡೆ ಒಂದೇ. ನನ್ನ ಷಾಪು ಚಿಕ್ಕದು, ಆದ್ದರಿಂದ ನನ್ನ ಇಕ್ಕಳವನ್ನು ಅರ್ಧ ಬೇಯಿಸಿದರೆ ಸಾಕು ಎಂದು ಯಾವ ಬಾಯಿಂದ ಹೇಳಲಿ?

ನನ್ನ ಜಗಳ ಬೇರೆ. ಒಮ್ಮೆ ನನ್ನಲ್ಲಿಗೆ ತಪಾಸಣೆಯವರು ಬಂದರು. ಯಾವ ಕಚೇರಿ, ಯಾರು ಎಂಬುದು ಬೇಡ. ಮಾತು ಸೌಮ್ಯವಾಗಿಯೇ ಇತ್ತು. ಸರ್ಟಿಫಿಕೇಟುಗಳನ್ನು ಒಂದೊಂದಾಗಿ ಓದಿದರು, ದರಪಟ್ಟಿ ಕಾಣುವ ಹಾಗೆ ಹಾಕಿದೆಯೇ ಎಂದು ನೋಡಿದರು, ಹಳದಿ, ಕೆಂಪು ಬುಟ್ಟಿಗಳ ಫೋಟೋ ತೆಗೆದರು. "ಸಾರ್, ಆಟೋಕ್ಲೇವ್ ತೆಗೆದು ತೋರಿಸಲಾ?" ಎಂದು ನಾನೇ ಕೇಳಿದೆ. "ಇದೆಯಲ್ಲ, ಬಿಡಿ ಡಾಕ್ಟ್ರೇ" ಎಂದು 'ಇದೆ' ಎಂಬ ಮನೆಯಲ್ಲಿ ಗುರುತು ಹಾಕಿ ಎದ್ದರು.

ಇದೆ ಎಂಬುದು ಬೇರೆ, ನಡೆಯುತ್ತಿದೆ ಎಂಬುದು ಬೇರೆ. ಆಟೋಕ್ಲೇವ್ ಎಂದರೆ ದೊಡ್ಡ ಕುಕ್ಕರ್ ಇದ್ದ ಹಾಗೆ. ಒತ್ತಡದ ಹಬೆಯಲ್ಲಿ 121 ಡಿಗ್ರಿ ಶಾಖ ಏರಿ, ಅಲ್ಲೇ ನಿಗದಿತ ಹೊತ್ತು ನಿಂತರೆ ಮಾತ್ರ ಗಟ್ಟಿ ಚಿಪ್ಪಿನೊಳಗೆ ಅಡಗಿದ ಸೂಕ್ಷ್ಮಜೀವಿಯೂ ಸಾಯುತ್ತದೆ. ಬರಿಯ ಕುದಿಯುವ ನೀರಿಗೆ ಆ ಶಕ್ತಿಯಿಲ್ಲ. ಅದರಲ್ಲೂ ನಮ್ಮೂರುಗಳು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿವೆ; ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಸಾವಿರ ಅಡಿ ಆಳದ ಬೋರಿನ ಗಡಸು ನೀರನ್ನು ಯಂತ್ರಕ್ಕೆ ಸುರಿದರೆ ಒಳಗೆಲ್ಲ ಬಿಳಿ ಪದರ ಕಟ್ಟಿ ಕೊಳವೆ ಮುಚ್ಚುತ್ತದೆ, ಭಟ್ಟಿ ಇಳಿಸಿದ ನೀರೇ ಬೇಕು. ಒಳಗಿನ ರಬ್ಬರು ಸವೆದರೆ ಹಬೆ ಸೋರುತ್ತದೆ, ಮುಳ್ಳು ಮಾತ್ರ ಕುಣಿಯುತ್ತಿರುತ್ತದೆ. ಯಂತ್ರ ನಿಜವಾಗಿ ಕೊಲ್ಲುತ್ತಿದೆಯೇ ಎಂದು ತಿಳಿಯಲು ಜೀವಾಣುವಿನ ಪಟ್ಟಿಯನ್ನು ಒಳಗಿಟ್ಟು ಪರೀಕ್ಷಿಸುವ ಕ್ರಮವಿದೆ. ಇದಾವುದೂ 'ಇದೆ' ಎಂಬ ಮನೆಯಲ್ಲಿ ಕಾಣುವುದಿಲ್ಲ. ಹೆಪಟೈಟಿಸ್ 'ಬಿ' ವೈರಸ್ಸು ಒಣಗಿದ ರಕ್ತದ ಕಲೆಯಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ. ಅದಕ್ಕೆ ಗೋಡೆಯ ಮೇಲಿನ ಸರ್ಟಿಫಿಕೇಟು ಓದಲು ಬರುವುದಿಲ್ಲ.

ಹೆದರಿಸುತ್ತಿದ್ದೇನೆ ಎನ್ನಬೇಡಿ. ಬಂಗಾರಪೇಟೆಯಲ್ಲಿ ಚೆನ್ನೈ ಕಡೆಯ ರೈಲು ಹತ್ತಿ, ಜೋಲಾರಪೇಟೆ ದಾಟಿದರೆ ವಾಣಿಯಂಬಾಡಿ ಸಿಗುತ್ತದೆ. 2022 ಮತ್ತು 2023ರಲ್ಲಿ ಆ ಭಾಗದ ಹಲವರು ಮಿದುಳಿಗೆ ಏರಿದ ಮೆಲಿಯಾಯ್ಡೋಸಿಸ್ ಎಂಬ ಸೋಂಕಿನಿಂದ ಆಸ್ಪತ್ರೆ ಸೇರಿದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರೂ ಇತರ ತಜ್ಞರೂ ಜಾಡು ಹಿಡಿದು ಹೋದರೆ, ಅವರಲ್ಲಿ 10 ಮಂದಿ ಅಲ್ಲಿನ ಒಂದೇ ಹಲ್ಲಿನ ಕ್ಲಿನಿಕ್ಕಿಗೆ ಹೋಗಿ ಬಂದವರು. ಆ ಹತ್ತರಲ್ಲಿ 8 ಮಂದಿ ಸತ್ತರು. 2025ರಲ್ಲಿ ಪ್ರಕಟವಾದ ಅವರ ಅಧ್ಯಯನ ಬೊಟ್ಟು ಮಾಡಿದ್ದು ಯಾವುದೋ ದೊಡ್ಡ ಯಂತ್ರದ ಕಡೆಗಲ್ಲ, ಒಂದು ಸಲೈನ್ ಬಾಟಲಿಯ ಕಡೆಗೆ. ಒಸಡು ಬಿಡಿಸುವ ಶುದ್ಧವಲ್ಲದ ಉಪಕರಣದಿಂದಲೇ ಬಾಟಲಿಯ ಬಾಯಿ ತೆರೆದು, ಸಡಿಲವಾಗಿ ಮುಚ್ಚಿಟ್ಟು, ಅದೇ ನೀರನ್ನು ಮತ್ತೆ ಮತ್ತೆ ಬಳಸುತ್ತಿದ್ದರು ಎಂದು ಅದು ಹೇಳುತ್ತದೆ. ಹಲ್ಲುನೋವು ಎಂದು ಹೋದವರು ಮಿದುಳಿನ ಸೋಂಕಿನಿಂದ ಸತ್ತರು.

ಈಗ ಓದುಗರೇ ಹೇಳಲಿ. ಆ ಬಾಟಲಿಯನ್ನು ಯಾವ ಫೈಲಿನಲ್ಲಿ ಹುಡುಕುತ್ತೀರಿ? ಯಾವ ಬುಟ್ಟಿಯ ಬಣ್ಣ ಅದನ್ನು ಹಿಡಿಯುತ್ತದೆ? "ಈ ಬಾಟಲಿ ತೆರೆದದ್ದು ಯಾವಾಗ, ಯಾವುದರಿಂದ?" ಎಂಬ ಒಂದು ಪ್ರಶ್ನೆ ಹಿಡಿಯುತ್ತಿತ್ತು. ಅದನ್ನು ಕೇಳಲು ಹಲ್ಲಿನ ಕೆಲಸ ಗೊತ್ತಿರುವವರು ಬೇಕು, ನಾವು ಕೆಲಸ ಮಾಡುತ್ತಿರುವ ಹೊತ್ತಿನಲ್ಲೇ ಬರಬೇಕು. ಮುಂಚೆ ಹೇಳಿ ಬರುವ ತಪಾಸಣೆ ಹೆಣ್ಣು ನೋಡುವ ಶಾಸ್ತ್ರದ ಹಾಗೆ. ಅವತ್ತು ಎಲ್ಲರ ಮನೆಯಲ್ಲೂ ಕೇಸರಿಬಾತು ಮಾಡಿರುತ್ತಾರೆ.

2017ರಲ್ಲಿ ಈ ಮಾತು ಆಡಲು ಒಳ್ಳೆಯ ಅವಕಾಶವಿತ್ತು. ಆಗ ಆರೋಗ್ಯ ಸಚಿವರಾಗಿದ್ದವರು ನಮ್ಮ ಶ್ರೀನಿವಾಸಪುರದ ಶಾಸಕ ಕೆ. ಆರ್. ರಮೇಶ್ ಕುಮಾರ್. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ ಅವರು ತಿದ್ದುಪಡಿ ತಂದಾಗ ರಾಜ್ಯದ ಖಾಸಗಿ ವೈದ್ಯರೆಲ್ಲ ತಿರುಗಿಬಿದ್ದರು. ನವೆಂಬರಿನಲ್ಲಿ ಬೆಳಗಾವಿಯ ಅಧಿವೇಶನದ ಹೊತ್ತಿಗೆ ಮುಷ್ಕರ ನಡೆಯಿತು, ರೋಗಿಗಳು ಬಾಗಿಲು ಬಡಿದು ವಾಪಸು ಹೋದರು. ಕೊನೆಗೆ ಕೆಲವು ಕಟು ಅಂಶಗಳನ್ನು ಸಡಿಲಿಸಿ ಮಸೂದೆ ಅಂಗೀಕಾರವಾಯಿತು. ಆ ಗದ್ದಲವನ್ನು ನಾನು ಗಮನವಿಟ್ಟು ಕೇಳಿದವನು. ದರ ಯಾರು ಗೊತ್ತುಮಾಡಬೇಕು, ಜೈಲಿಗೆ ಯಾರು ಹೋಗಬೇಕು, ಸರ್ಕಾರಿ ಆಸ್ಪತ್ರೆಗಳನ್ನೇಕೆ ಸೇರಿಸಲಿಲ್ಲ ಎಂದು ಎಲ್ಲರೂ ಕೂಗಿದರು. ಕೂಗಬೇಕಾದ ಮಾತುಗಳೇ. ಆದರೆ ಉಪಕರಣ ತೊಳೆಯುವ ಸಿಂಕಿನ ಬಗ್ಗೆ ಸರ್ಕಾರದ ಕಡೆಯಿಂದಾಗಲಿ ನಮ್ಮ ಕಡೆಯಿಂದಾಗಲಿ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ.

ಇನ್ನೊಂದು ಅನ್ಯಾಯವಿದೆ. ತಪಾಸಣೆ ನಡೆಯುವುದು ನೋಂದಣಿಯ ಪಟ್ಟಿ ಹಿಡಿದುಕೊಂಡು. ಪಟ್ಟಿಯಲ್ಲಿ ಹೆಸರಿದ್ದವನ ಬಾಗಿಲಿಗೆ ಜೀಪು ಬರುತ್ತದೆ. ಹೆಸರೇ ಇಲ್ಲದೆ, ಓದೂ ಇಲ್ಲದೆ ಸಂತೆಬೀದಿಯಲ್ಲಿ ಹಲ್ಲು ಕಟ್ಟುವವನಿಗೆ ಆ ಭಯವಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆ ಇದು. ಅವನಲ್ಲಿಗೆ ಜನ ಏಕೆ ಹೋಗುತ್ತಾರೆ ಎಂಬುದನ್ನೂ ಹೇಳಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೂ 1.5 ಮೀರಬಾರದು ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಈ ಜಿಲ್ಲೆಯಲ್ಲಿ ಅದನ್ನು ಮೀರಿದ ಬೋರುಗಳ ನೀರು ಕುಡಿದೇ ಬೆಳೆದ ಮಕ್ಕಳಿದ್ದಾರೆ. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲೇ ಅದು ಕಂದು ಕಲೆ ಹಿಡಿಯುತ್ತದೆ. ಮದುವೆಗೆ ಬಂದ ಹುಡುಗಿ ನಗಲು ನಾಚಿ ಸೆರಗು ಅಡ್ಡ ಹಿಡಿಯುತ್ತಾಳೆ. ಕಡಿಮೆ ದುಡ್ಡಿಗೆ ಬೆಳ್ಳಗೆ ಮಾಡಿಕೊಡುತ್ತೇನೆ ಎಂದು ಯಾರೋ ಯಾವುದೋ ದ್ರಾವಣ ಉಜ್ಜುತ್ತಾನೆ, ಕಲೆಯ ಜೊತೆ ಹಲ್ಲಿನ ಮೇಲ್ಪದರವೂ ಹೋಗುತ್ತದೆ. ಆಮೇಲೆ ಅವಳು ನನ್ನ ಬೆಂಚಿನ ಮೇಲೆ ಬಂದು ಕೂರುತ್ತಾಳೆ. ಕಾನೂನಿನ ಪಟ್ಟಿಯಲ್ಲಿ ಇಲ್ಲದವನು ಮಾಡಿದ ಗಾಯ ಕಾನೂನಿನ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನಾನು ಹೆಚ್ಚಿಗೆ ಕೇಳುವುದಿಲ್ಲ. ಹೇಳದೆ ಬನ್ನಿ. ಬರುವವರಲ್ಲಿ ಒಬ್ಬರಾದರೂ ದಂತವೈದ್ಯರಿರಲಿ, ಬೇರೆ ಜಿಲ್ಲೆಯವರಾದರೆ ಇನ್ನೂ ಒಳ್ಳೆಯದು, ದಾಕ್ಷಿಣ್ಯ ಇರುವುದಿಲ್ಲ. ಐದೇ ಪ್ರಶ್ನೆ ಕೇಳಿ. ಬೇಯಿಸಿದ ಉಪಕರಣ ಮುಚ್ಚಿದ ಪೊಟ್ಟಣದಲ್ಲಿದೆಯೇ? ಯಂತ್ರದ ಜೀವಾಣು ಪರೀಕ್ಷೆ ಕೊನೆಗೆ ಆದದ್ದು ಯಾವಾಗ? ಹಲ್ಲು ಕೊರೆಯುವ ಹಿಡಿಯನ್ನು ಪ್ರತಿ ರೋಗಿಗೂ ಬದಲಿಸುತ್ತೀರಾ, ಇಲ್ಲ ಸ್ಪಿರಿಟ್ಟಿನಲ್ಲಿ ಒರೆಸಿ ಬಿಡುತ್ತೀರಾ? ತೆರೆದ ಬಾಟಲಿಗಳ ಮೇಲೆ ತಾರೀಕು ಬರೆದಿದೆಯೇ? ಬಳಸಿದ ಸೂಜಿ ಎಲ್ಲಿಗೆ ಹೋಗುತ್ತದೆ? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಕನ್ನಡದಲ್ಲಿ ನನ್ನ ಬಾಗಿಲಿಗೇ ಅಂಟಿಸಿ ಹೋಗಿ, ರೋಗಿ ಓದಿಕೊಂಡು ಒಳಗೆ ಬರಲಿ. ಮನೆಯಲ್ಲಿ ತೆಲುಗು ಆಡುವವರು ಇಲ್ಲಿ ಬಹಳ ಜನ. ಅವರಿಗೂ ಅರ್ಥವಾಗುವ ಹಾಗೆ ಚಿತ್ರ ಬರೆದರೂ ಸರಿ. ಸಣ್ಣ ಲೋಪಕ್ಕೆ ತಿದ್ದಿಕೊಳ್ಳಲು ಹದಿನೈದು ದಿನ ಕೊಡಿ. ಎರಡನೇ ಸಲವೂ ತಿದ್ದದವನ ಬಾಗಿಲು ಮುಚ್ಚಿಸಿ. ಇದೇ ಐದು ಪ್ರಶ್ನೆಗಳನ್ನು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೂ ಡೆಂಟಲ್ ಕಾಲೇಜಿಗೂ ಕೇಳಿ. ಬಡವರು ಹೆಚ್ಚಾಗಿ ಹೋಗುವುದು ಅಲ್ಲಿಗೇ.

ನಮ್ಮ ವೈದ್ಯರಿಗೂ ಒಂದು ಮಾತು. ತಪಾಸಣೆ ಕಿರುಕುಳ ಎಂದು ಸಂಘದ ಸಭೆಯಲ್ಲಿ ಎದ್ದು ನಿಂತು ಗುಡುಗುವ ಮುಂಚೆ ನಿಮ್ಮ ಸ್ವಂತ ಮಗುವನ್ನು ಕುರ್ಚಿಯ ಮೇಲೆ ಕೂರಿಸಿ, ಹಿಂದಿನ ರೋಗಿಗೆ ಬಳಸಿದ ಹಿಡಿಯನ್ನೇ ಒರೆಸಿ ಅದರ ಬಾಯಿಗೆ ಇಡಲು ನಿಮಗೆ ಕೈ ಬರುತ್ತದೆಯೇ ಎಂದು ಕೇಳಿಕೊಳ್ಳಿ. ಬರುವುದಿಲ್ಲ ಎಂದಾದರೆ ಮಾಲೂರಿನ ಇಟ್ಟಿಗೆ ಗೂಡಿನಿಂದ ಅರ್ಧ ದಿನದ ಕೂಲಿ ಬಿಟ್ಟು ಬಂದವನ ಬಾಯಿಗೂ ಅದನ್ನು ಇಡುವ ಹಕ್ಕು ನಿಮಗಿಲ್ಲ. ಅವನಿಗೆ ಗೋಡೆಯ ಮೇಲಿನ ಇಂಗ್ಲಿಷ್ ಓದಲು ಬರುವುದಿಲ್ಲ. ಕಣ್ಣು ಮುಚ್ಚಿ ಬಾಯಿ ತೆರೆಯುತ್ತಾನೆ. ಅವನ ಪರವಾಗಿ ಕಣ್ಣು ತೆರೆದು ನೋಡಲೆಂದೇ ಸರ್ಕಾರ ಸಂಬಳ ಕೊಟ್ಟು ತಪಾಸಣೆಯವರನ್ನು ಇಟ್ಟಿರುವುದು.